ಒಂದು ಸಾಲು ಸೆಣಬು

ಅವ್ವನ ಬಲತೊಡೆಯ ಮೇಲೆ, ಮೊಣಕಾಲಿನಿಂದ ಒಂದು ಗೇಣು ಮೇಲಕ್ಕೆ, ಅಂಗೈಯಗಲದ ಜಾಗದಲ್ಲಿ ಚರ್ಮ ದಡ್ಡುಗಟ್ಟಿ ನುಣ್ಣಗೆ ಹೊಳೆಯುತ್ತಿತ್ತು. ಅವಳಿಗೆ ವಯಸ್ಸಾಗಿ, ನಾನೇ ಮೈಗೆ ನೀರು ಹಾಕುವ ಕಾಲ ಬಂದಾಗ ಅದು ನನ್ನ ಕಣ್ಣಿಗೆ ಬಿತ್ತು. ಸುಟ್ಟ ಗಾಯವಿರಬೇಕು ಎಂದುಕೊಂಡು ಕೇಳಿದೆ. "ಸುಟ್ಟಿದ್ದಲ್ಲ ಕಣೆ, ಹಗ್ಗ ಹೊಸೆದದ್ದು" ಎಂದಳು. ಹದಿನಾಲ್ಕನೇ ವಯಸ್ಸಿಗೆ ಆ ಮನೆಗೆ ಸೊಸೆಯಾಗಿ ಬಂದವಳು, ಮೂವತ್ತು ವರ್ಷ, ರಾತ್ರಿ ಊಟವಾಗಿ ಪಾತ್ರೆ ಕವುಚಿದ ಮೇಲೆ ಗೋಡೆಗೊರಗಿ ಕೂತು, ಸೀರೆಯನ್ನು ತೊಡೆಯವರೆಗೆ ಎತ್ತಿಕೊಂಡು ನಾರು ಹೊಸೆದಿದ್ದಳು. ನಾನು ಅವಳ ಪಕ್ಕದಲ್ಲೇ ಮಲಗಿ ಆ ಸರಸರ ಸದ್ದಿಗೆ ನಿದ್ದೆ ಹೋಗುತ್ತಿದ್ದೆ. ಚರ್ಮ ನೋಡಿರಲಿಲ್ಲ.

ಮೂವತ್ತೆರಡು ವರ್ಷ ನಾನು ಶಾಲೆಯಲ್ಲಿ ಸಮಾಜ ಪಾಠ ಹೇಳಿದ್ದೇನೆ. ಢಾಕಾದ ಮಸ್ಲಿನ್, ಮೈಸೂರಿನ ರೇಷ್ಮೆ, ಗಾಂಧೀಜಿಯ ಚರಕ ಎಲ್ಲವನ್ನೂ ಹೇಳಿದೆ. ಹಗ್ಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ, ನನಗೂ ತೋಚಲಿಲ್ಲ. ಅವ್ವ ಹೋದ ಮೇಲೆ ಆ ದಡ್ಡು ನನ್ನನ್ನು ಬಿಡಲಿಲ್ಲ. ನಿವೃತ್ತಿಯ ನಂತರದ ನನ್ನ ಓದು, ತಿರುಗಾಟ, ವಿಚಾರಣೆ ಎಲ್ಲ ನಾರಿನ ಹಿಂದೆಯೇ ಹೋಯಿತು.

ನಮ್ಮೂರು ತಿಪಟೂರಿಗೂ ಅರಸೀಕೆರೆಗೂ ನಡುವೆ ಇದೆ. ತೆಂಗಿನ ಸೀಮೆ. ನಮ್ಮಲ್ಲಿ ತೆಂಗೆಂದರೆ ಎಳನೀರಲ್ಲ, ಕೊಬ್ಬರಿ. ಕಿತ್ತ ಕಾಯಿಯನ್ನು ಮನೆಯ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗಡಗಡ ಎನ್ನಬೇಕು. ಅಷ್ಟು ಹೊತ್ತಿಗೆ ಮಟ್ಟೆ ಪೂರಾ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಸುಲಿದ ಮಟ್ಟೆ ಮುಕ್ಕಾಲು ಪಾಲು ಒಲೆಗೆ ಹೋಗುತ್ತಿತ್ತು. ಉಳಿದದ್ದನ್ನು ಅವ್ವ ಹಿತ್ತಿಲ ಗುಂಡಿಯಲ್ಲಿ ನೆನೆಹಾಕಿ, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಜಜ್ಜಿ ನಾರು ಬಿಡಿಸುತ್ತಿದ್ದಳು. ಜಜ್ಜಿದಾಗ ಉದುರುವ ಪುಡಿ ಮೂಗು ಬಾಯಿಗೆಲ್ಲ ಮೆತ್ತುತ್ತಿತ್ತು. ಅದನ್ನು ಗುಡಿಸಿ ತಿಪ್ಪೆಗೆ ಹಾಕುತ್ತಿದ್ದೆವು. ಒಂದು ಮಟ್ಟೆಯಿಂದ ಬರುವ ನಾರು ಹಿಡಿ ತುಂಬ, ಅಷ್ಟೆ. ಸಾವಿರ ಮಟ್ಟೆ ಜಜ್ಜಿದರೆ ಸುಮಾರು 80 ಕಿಲೋ. ಎಳೆಯ ಉದ್ದ ಒಂದು ಗೇಣು ದಾಟುವುದು ಅಪರೂಪ. ಇಷ್ಟು ಗಿಡ್ಡ ಎಳೆಗಳಿಂದ ಇಪ್ಪತ್ತು ಮಾರಿನ ಬಾವಿ ಹಗ್ಗ ಹೇಗಾಗುತ್ತದೆ ಎನ್ನುವುದು ಚಿಕ್ಕವಳಿದ್ದಾಗ ನನಗೆ ದೊಡ್ಡ ವಿಸ್ಮಯ. ಈಗಲೂ ಹೌದು.

ತೆಂಗಿನ ನಾರು ಅವ್ವನ ಪಾಲಾದರೆ ಕತ್ತಾಳೆ ತಾತನ ಪಾಲು. ಹೊಲದ ಬದುಗಳ ಮೇಲೆ, ರೈಲು ಹಳಿಯ ಬೇಲಿಯುದ್ದಕ್ಕೂ ಬೂದುಹಸಿರು ಕತ್ತಿಗಳಂತೆ ನಿಂತ ಆ ಗಿಡ ಈ ನೆಲದಲ್ಲೇ ಹುಟ್ಟಿದ್ದೆಂದು ನಾನು ನಂಬಿದ್ದೆ. ಅದರ ತವರು ಮೆಕ್ಸಿಕೊ. ಮೆಣಸಿನಕಾಯಿ, ಸೀಬೆ, ಕಡಲೆಕಾಯಿಗಳ ಹಾಗೆ ಯೂರೋಪಿನವರ ಹಡಗು ಹತ್ತಿ ಬಂದದ್ದು. ನಮ್ಮ ಒಣನೆಲ ಅದಕ್ಕೆ ಒಗ್ಗಿತು. ದನ ಮುಟ್ಟುವುದಿಲ್ಲ, ನೀರು ಬೇಡ, ಹತ್ತಾರು ವರ್ಷ ಬದುಕಿ ಒಂದೇ ಒಂದು ಸಲ ಕಂಬದಂಥ ಹೂಗಂಬ ಎತ್ತಿ ಸಾಯುತ್ತದೆ. ಬೇಲಿಗೆ ಇದಕ್ಕಿಂತ ಒಳ್ಳೆಯ ಗಿಡ ಉಂಟೆ? 1889ರ ಹೊತ್ತಿಗೆ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ಹಾದು ಹರಿಹರದವರೆಗೆ ಮೀಟರ್ ಗೇಜ್ ಹಳಿ ಬಿದ್ದಿತ್ತು. ದನ ಹಳಿಗೆ ನುಗ್ಗದಂತೆ ಪಕ್ಕದಲ್ಲಿ ಕತ್ತಾಳೆ ನೆಡುವುದು ಆ ಕಾಲದ ರೈಲ್ವೆಯ ರೂಢಿ. ನಮ್ಮ ತಾತನ ಹಗ್ಗವೆಲ್ಲ ಆ ರೈಲುಬೇಲಿಯದೇ.

ಕತ್ತಾಳೆ ಕೆಲಸ ಸುಗ್ಗಿ ಮುಗಿದ ಮೇಲೆ. ಪಟ್ಟೆಗಳನ್ನು ಬುಡದಲ್ಲಿ ಕೊಯ್ದು, ಅಂಚಿನ ಮುಳ್ಳು ಸವರಿ, ಉದ್ದಕ್ಕೆ ಸೀಳಿ, ಕಂತೆ ಕಟ್ಟಿ ಕುಂಟೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತಿದ್ದರು. ಎರಡು ಮೂರು ವಾರ ಕೊಳೆಯಬೇಕು. ಕೊಳೆಯುವುದೆಂದರೆ ಬರೀ ಹಾಳಾಗುವುದಲ್ಲ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಎಲೆಯ ತಿರುಳನ್ನೂ ಎಳೆಗಳನ್ನು ಹಿಡಿದಿಟ್ಟ ಅಂಟನ್ನೂ ತಿನ್ನುತ್ತವೆ, ಎಳೆಯನ್ನು ಬಿಡುತ್ತವೆ. ಒಂದೆರಡು ದಿನ ಮೊದಲೇ ತೆಗೆದರೆ ತಿರುಳು ಬಿಡುವುದಿಲ್ಲ, ತಡವಾದರೆ ಎಳೆಯೂ ಲಡ್ಡು. ತಾತ ಕುಂಟೆಗೆ ಕೈ ಹಾಕಿ ಒಂದು ಪಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳುತ್ತಿದ್ದರು. ಆ ನಾತ ಊರಿಗೆಲ್ಲ ಹಬ್ಬುತ್ತಿತ್ತು, ಯಾರೂ ಗೊಣಗುತ್ತಿರಲಿಲ್ಲ, ಎಲ್ಲರ ಮನೆಯ ಕಂತೆಯೂ ಅಲ್ಲೇ ಇರುತ್ತಿತ್ತಲ್ಲ. ಆಮೇಲೆ ಬಂಡೆಯ ಮೇಲೆ ಬಡಿದು, ಜಾಲಾಡಿ, ಏರಿಯ ಮೇಲೆ ಹರವಿದರೆ ಸಂಜೆಗೆ ಬೆಳ್ಳಗೆ ಮುದುಕಿಯ ಕೂದಲಿನಂತೆ ನಾರು. ಹಸಿ ಪಟ್ಟೆ ನೂರು ಕಿಲೋ ಕೊಯ್ದರೆ ನಾರು ಮೂರೋ ನಾಲ್ಕೋ ಕಿಲೋ. ಅದರ ರಸ ತಗುಲಿದ ಕೈ ವಾರವೆಲ್ಲ ನವೆ.

ಆಗ ಮನೆಯಲ್ಲಿ ಹಗ್ಗ ಎಂಬ ಒಂದೇ ವಸ್ತು ಇರಲಿಲ್ಲ. ಒಂದೊಂದಕ್ಕೂ ಒಂದೊಂದು ಹೆಸರು. ಕೊಟ್ಟಿಗೆಯುದ್ದ ದನಗಳನ್ನು ಸಾಲಾಗಿ ಕಟ್ಟಲು ದಾವಣಿ. ಕರುವಿಗೆ ಕಣ್ಣಿ. ಎತ್ತಿಗೆ ಮೂಗುದಾರ, ನೊಗಕ್ಕೆ ಜತ್ತಿಗೆ. ಒಕ್ಕಣೆಯಲ್ಲಿ ಎತ್ತು ತೆನೆಗೆ ಬಾಯಿ ಹಾಕದಂತೆ ಕುಕ್ಕೆ. ಹುಲ್ಲು ಹೊರಲು ಬಲೆಯಂಥ ಕಲ್ಲಿ. ಬೆಕ್ಕಿಗೆ ಸಿಗದಂತೆ ಹಾಲು ಮೊಸರು ತೂಗಿಡಲು ನೆಲುವು. ಹೊರಸಿಗೆ ಹೆಣೆಯಲು ಹುರಿ. ಯಾವುದಕ್ಕೆ ಯಾವ ನಾರು ಎನ್ನುವುದೂ ನಿಗದಿ. ಬಾವಿಗೆ ತೆಂಗಿನದೇ ಆಗಬೇಕು, ಕತ್ತಾಳೆ ಹಗ್ಗ ಒಣಗಿದ್ದಾಗ ಎಷ್ಟೇ ಗಟ್ಟಿಯಾದರೂ ಸದಾ ನೀರಲ್ಲಿ ನೆನೆದರೆ ಬೇಗ ಲಡ್ಡಾಗುತ್ತದೆ. ದನಕ್ಕೆ ಕತ್ತಾಳೆ. ಮೂಗುದಾರಕ್ಕೆ ಹತ್ತಿಯ ನೂಲು, ಎತ್ತಿನ ಮೂಗು ಕೊಯ್ಯಬಾರದು. ಹೂ ಕಟ್ಟಲು ಬಾಳೆಪಟ್ಟೆಯಿಂದ ಎಳೆದ ನಾರು, ಅದು ಒದ್ದೆಯಿದ್ದಷ್ಟು ಹೊತ್ತು ಹೂವಿನ ತೊಟ್ಟೂ ತಂಪಾಗಿರುತ್ತದೆ. ಹೂವಿನ ಜೊತೆ ಸ್ವರ್ಗಕ್ಕೆ ಹೋದ ಗಾದೆಯ ನಾರು ಅದೇ.

ಈ ನಿಗದಿಯ ಹಿಂದಿನ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಹತ್ತಿ ಬೀಜದ ಮೇಲಿನ ಕೂದಲು, ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸ್. ಆದ್ದರಿಂದ ಮೆತ್ತಗೆ, ಬಟ್ಟೆಗೆ ಹೇಳಿಮಾಡಿಸಿದ್ದು. ತೆಂಗಿನ ನಾರಿನಲ್ಲಿ ಮರವನ್ನು ಮರವಾಗಿಸುವ ಲಿಗ್ನಿನ್ ಎಂಬ ವಸ್ತು ನೂರಕ್ಕೆ ನಲವತ್ತು ಪಾಲಿಗಿಂತಲೂ ಹೆಚ್ಚು. ಅದನ್ನು ಕೊಳೆಸುವುದು ನೀರಿಗೆ ಕಷ್ಟ, ಉಪ್ಪುನೀರಿಗೂ ಕಷ್ಟ. ಅರಬ್ಬಿ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಹೊರ್ಮುಜ್ ರೇವಿನಲ್ಲಿ ಅಂಥ ಹಡಗು ಕಂಡ ಮಾರ್ಕೊ ಪೋಲೊ ಅದರಲ್ಲಿ ಕೂರುವುದೇ ಅಪಾಯ ಎಂದು ಬರೆದ. ಆದರೂ ಶತಮಾನಗಳ ಕಾಲ ಕುದುರೆಗಳೂ ಮೆಣಸೂ ಆ ಹೊಲಿಗೆಯನ್ನೇ ನಂಬಿ ಸಮುದ್ರ ದಾಟಿದವು. ಕಾಯರ್ ಎಂದು ಇಂಗ್ಲಿಷಿನವರು ಕರೆದದ್ದು ಮಲಯಾಳದ ಕಯರ್, ಅಂದರೆ ಹಗ್ಗ.

ಇನ್ನು ಹೊಸೆಯುವುದು. ಇದನ್ನು ಬರೆದು ತೋರಿಸುವುದು ಕಷ್ಟ, ಆದರೂ ಬರೆಯಲೇಬೇಕು. ಅವ್ವ ಎರಡು ಚಿಟಿಕೆ ನಾರನ್ನು ಬೇರೆಬೇರೆಯಾಗಿ ತೊಡೆಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಉಜ್ಜುತ್ತಿದ್ದಳು. ಎರಡಕ್ಕೂ ಒಂದೇ ಕಡೆಗೆ ಹುರಿ ಏರುತ್ತದೆ. ಕೂಡಲೇ ಎರಡನ್ನೂ ಸೇರಿಸಿ ಅಂಗೈಯನ್ನು ಹಿಂದಕ್ಕೆ ಎಳೆದರೆ ಅವು ಒಂದರ ಮೇಲೊಂದು ಎದುರು ದಿಕ್ಕಿಗೆ ಸುತ್ತಿಕೊಳ್ಳುತ್ತವೆ. ಒಂದೊಂದು ಎಳೆಯೂ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಆ ಹವಣಿಕೆಯೇ ಇನ್ನೊಂದನ್ನು ಬಿಗಿ ಮಾಡುತ್ತದೆ. ಹಾಗಾಗಿ ಗಂಟಿಲ್ಲ, ಅಂಟಿಲ್ಲ, ಕೈಬಿಟ್ಟರೂ ಬಿಚ್ಚುವುದಿಲ್ಲ. ಎಳೆ ಮುಗಿಯುತ್ತ ಬಂದಂತೆ ಹೊಸ ನಾರನ್ನು ಸೇರಿಸಬೇಕು, ಎರಡು ಎಳೆಯೂ ಒಂದೇ ಜಾಗದಲ್ಲಿ ಮುಗಿಯಬಾರದು. ಅಲ್ಲಿ ಹಗ್ಗ ಬಡವಾಗುತ್ತದೆ. ಗೇಣುದ್ದದ ನಾರು ಇಪ್ಪತ್ತು ಮಾರು ಆಗುವ ಗುಟ್ಟು ಇಷ್ಟೇ.

ದಪ್ಪ ಹಗ್ಗಕ್ಕೆ ಮಾತ್ರ ಮನೆಮಂದಿಯೆಲ್ಲ ಬೇಕು. ಅರಳೀಕಟ್ಟೆಯ ಹತ್ತಿರ ಗೂಟ ನೆಟ್ಟು ಮೂರು ಹುರಿಗಳನ್ನು ಬೀದಿಯುದ್ದಕ್ಕೂ ಎಳೆದು, ಒಂದೊಂದರ ತುದಿಗೂ ಕೋಲು ಸಿಕ್ಕಿಸಿ ಒಬ್ಬೊಬ್ಬರು ತಿರುಗಿಸುತ್ತಿದ್ದೆವು. ತಾತ ಮೂರು ಕಚ್ಚಿನ ಒಂದು ಮರದ ತುಂಡನ್ನು ಹುರಿಗಳ ನಡುವೆ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ನಮ್ಮ ಕಡೆಗೆ ನಡೆದು ಬರುತ್ತಿದ್ದರು. ಅವರ ಬೆನ್ನ ಹಿಂದೆ ಹಗ್ಗ ಹುಟ್ಟುತ್ತಿತ್ತು. ಕೋಲು ಒಂದು ಸುತ್ತು ಸಡಿಲ ಬಿಟ್ಟರೂ ಅಲ್ಲಿ ಹಗ್ಗ ಉಬ್ಬುತ್ತದೆ. ತಾತ ಬಯ್ಯುತ್ತಿರಲಿಲ್ಲ, ನಿಲ್ಲುತ್ತಿದ್ದರು. ಅವರು ನಿಂತರೆ ಬೀದಿಯೇ ನಿಂತು ನಮ್ಮನ್ನು ನೋಡುತ್ತಿತ್ತು.

ಆಗ್ನೇಯ ಫ್ರಾನ್ಸಿನ ಅಬ್ರಿ ದು ಮಾರಾಸ್ ಎಂಬ ಬಂಡೆಯಾಸರೆಯಲ್ಲಿ, ನಿಯಾಂಡರ್ತಾಲ್ ಮನುಷ್ಯರು ಬಳಸಿದ ಕಲ್ಲಿನ ಚಕ್ಕೆಗೆ ಅಂಟಿಕೊಂಡಿದ್ದ ಆರು ಮಿಲಿಮೀಟರ್ ಉದ್ದದ ಹುರಿಯ ತುಣುಕೊಂದರ ವಿವರ 2020ರಲ್ಲಿ ಪ್ರಕಟವಾಯಿತು. ಯಾವುದೋ ಮರದ ಒಳತೊಗಟೆಯ ನಾರು. 40,000 ವರ್ಷಕ್ಕೂ ಹಳೆಯದು. ಮೂರು ಎಳೆ, ಒಂದೊಂದು ಎಳೆಯ ಹುರಿ ಒಂದು ದಿಕ್ಕಿಗೆ, ಮೂರನ್ನೂ ಸೇರಿಸಿದ ಸುತ್ತು ಎದುರು ದಿಕ್ಕಿಗೆ. ಅದರ ಚಿತ್ರವನ್ನು ನೋಡುತ್ತ ನಾನು ತುಂಬ ಹೊತ್ತು ಕೂತಿದ್ದೆ. ಅವ್ವ ಮಾಡುತ್ತಿದ್ದದ್ದೂ ಅದನ್ನೇ. ಮನುಷ್ಯಕುಲದ ಇನ್ನೊಂದು ಕವಲೇ ಮಾಡಿದ ಕೆಲಸ, ಬೆಂಕಿಯಷ್ಟು ಹಳೆಯದಲ್ಲದಿದ್ದರೂ ಬೇಸಾಯಕ್ಕಿಂತ, ಮಡಕೆಗಿಂತ ಎಷ್ಟೋ ಹಳೆಯದು, ನನ್ನ ತಾಯಿಯ ತೊಡೆಯವರೆಗೆ ಎಲ್ಲೂ ತುಂಡಾಗದೆ ಬಂದಿತ್ತು.

ಕನ್ನಡದಲ್ಲಿ ಈ ಕೆಲಸಕ್ಕೆ ಒಬ್ಬ ಶರಣರಿದ್ದಾರೆ. ಜೇಡರ ದಾಸಿಮಯ್ಯನವರ ಮಗ್ಗ ಎಲ್ಲರಿಗೂ ಗೊತ್ತು. ನುಲಿಯ ಚಂದಯ್ಯನವರ ಹಗ್ಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹುಟ್ಟೂರು ಈಗಿನ ವಿಜಯಪುರ ಜಿಲ್ಲೆಯ ಶಿವಣಗಿ ಎನ್ನುತ್ತಾರೆ. 12ನೇ ಶತಮಾನದ ಕಲ್ಯಾಣಕ್ಕೆ ಬಂದು, ಕೆರೆಯಂಚಿನ ಹುಲ್ಲು ಕೊಯ್ದು, ನುಲಿದು ಹಗ್ಗ ಮಾಡಿ ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸಿದವರು. ನುಲಿ ಎಂದರೆ ಹೊಸೆ, ತಿರುಚು. ಕಾಯಕವೇ ಹೆಸರಿನ ಮುಂದೆ ನಿಂತಿದೆ. ಅವರ ಅಂಕಿತ ಚಂದೇಶ್ವರಲಿಂಗ, ಸಿಕ್ಕಿರುವ ವಚನಗಳು 48. ಶೂನ್ಯಸಂಪಾದನೆಯಲ್ಲಿ ಅವರದೊಂದು ಕಥೆಯಿದೆ. ಕೆರೆಯಲ್ಲಿ ಬಗ್ಗಿ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ನೀರಿಗೆ ಬೀಳುತ್ತದೆ. ಚಂದಯ್ಯ ತಿರುಗಿ ನೋಡದೆ ಹೊರೆ ಹೊತ್ತು ನಡೆಯುತ್ತಾರೆ. ಲಿಂಗವೇ ಹಿಂದೆ ಹಿಂದೆ ಬರುತ್ತದೆ. ಮಡಿವಾಳ ಮಾಚಯ್ಯ ನಡುವೆ ಬಂದು ಹೇಳಿದ ಮೇಲೆ, ಲಿಂಗಕ್ಕೂ ಒಂದು ಕಾಯಕ ಹಚ್ಚುತ್ತಾರೆ, ಹೊಸೆದ ಹಗ್ಗ ಮಾರಿಕೊಂಡು ಬರುವುದು. ಕಲ್ಯಾಣ ಚದುರಿದ ಮೇಲೆ ಅವರು ಬಂದು ನೆಲೆಸಿದ್ದು ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಎಂದು ಭಕ್ತರ ನಂಬಿಕೆ. ಬುಟ್ಟಿ, ಪೊರಕೆ, ಹಗ್ಗ ಮಾಡಿ ಬದುಕಿದ ಕೊರವ, ಕೊರಮ ಜನ ಅವರನ್ನು ತಮ್ಮ ಹಿರೀಕರೆಂದು ಕಾಣುತ್ತಾರೆ, ನೂಲು ಹುಣ್ಣಿಮೆಗೆ ಜಯಂತಿ ಮಾಡುತ್ತಾರೆ. ದೇವರೇ ಹಿಂದೆ ಬಂದು ನಿಂತರೂ ಹುಲ್ಲಿನ ಹೊರೆ ಇಳಿಸದ ಆ ನಡಿಗೆ ನನಗೆ ತುಂಬ ಪರಿಚಯದ್ದು. ಹೊತ್ತು ಮುಳುಗುವ ಮುಂಚೆ ನಾರು ಒಣಗಿಸಬೇಕು ಎಂದು ಅವ್ವ ಹಾಗೆಯೇ ನಡೆಯುತ್ತಿದ್ದಳು, ಯಾರು ಕರೆದರೂ ನಿಲ್ಲುತ್ತಿರಲಿಲ್ಲ.

ನಾನು ಬಹಳ ದಿನ ತಪ್ಪು ತಿಳಿದಿದ್ದ ಸಂಗತಿ ಇನ್ನೊಂದಿದೆ, ಗೋಣಿಯದು. ಗೋಣಿಚೀಲ ಎಂದರೆ ಸೆಣಬು, ಸೆಣಬೆಂದರೆ ಬಂಗಾಳದ ಜೂಟು ಎಂದೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಆದರೆ ಜೂಟು ನಮ್ಮ ಕಡೆಗೆ ಬಂದದ್ದು ಈಚೆಗೆ. ಅದಕ್ಕೆ ಮೊದಲೂ ಗೋಣಿಯಿತ್ತು, ಸೆಣಬೂ ಇತ್ತು. ಆ ಸೆಣಬು ಬೇರೆಯೇ ಗಿಡ. ಅವರೆ, ಹುರುಳಿಗಳ ಕುಲದ್ದು, ಆಳೆತ್ತರ ಬೆಳೆದು ಬಂಗಾರದ ಬಣ್ಣದ ಹೂ ಬಿಡುತ್ತದೆ. ಸಂಸ್ಕೃತದ ಶಣ, ತೆಲುಗಿನ ಜನುಮು ಅದೇ. ನಮ್ಮ ರೈತರು ಈಗ ಅಪ್‌ಸೆಣಬು ಎನ್ನುತ್ತಾರೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಯಾವ ಊರಲ್ಲಿ ಯಾವ ಬೆಳೆ, ಯಾವ ಕಸುಬು ಎಂದು ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಬೆಂಗಳೂರಿನ ಕಸುಬುಗಳಲ್ಲಿ ಅವನು ಗೋಣಿಯನ್ನು ಎಣಿಸುತ್ತಾನೆ. ಒರಟಾದರೂ ಬಲು ಗಟ್ಟಿ ಬಟ್ಟೆ. ಉದ್ದ 18ರಿಂದ 22 ಮೊಳ, ಅಗಲ ಅರ್ಧದಿಂದ ಮುಕ್ಕಾಲು ಮೊಳ. ನೇಯ್ಗೆಯ ಬಿಗಿ ನೋಡಿ ಮೂರು ದರ್ಜೆ. ನಾರು ಜನಪದ್ದು, ಅಂದರೆ ಈ ಸೆಣಬಿನದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಗಿಡ ಬೆಳೆಯುವವರು, ನಾರು ತೆಗೆಯುವವರು, ನೇಯುವವರು ಎಲ್ಲ ಒಂದೇ ಜನ. ಹತ್ತಿಯಲ್ಲಿ ಬೆಳೆಯುವವರು ಬೇರೆ, ನೂಲುವವರು ಬೇರೆ, ನೇಯುವವರು ಬೇರೆ. ಗೋಣಿಯಲ್ಲಿ ಹೊಲದಿಂದ ಚೀಲದವರೆಗೆ ಒಂದೇ ಕೈ. ಗೋಣಿಗರು ಎಂದು ಅವರ ಹೆಸರು. ತಮಿಳು, ತೆಲುಗು ಸೀಮೆಯ ಜನಪ್ಪನ್ ಎಂಬ ಜಾತಿಯ ಹೆಸರೂ ಇದೇ ಜನಪ ನಾರಿನಿಂದ ಬಂದದ್ದು ಎಂದು 1909ರಲ್ಲಿ ಬಂದ ಥರ್ಸ್ಟನ್ನನ ಗ್ರಂಥ ಹೇಳುತ್ತದೆ.

ಅಗಲ ಮುಕ್ಕಾಲು ಮೊಳ ಎಂದರೆ ಒಂದು ಅಡಿಯ ಆಸುಪಾಸು. ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದರೆ ಚೀಲ. ಗಾಡಿದಾರಿ ಇಲ್ಲದ ಕಾಲದಲ್ಲಿ ದವಸ, ಉಪ್ಪು, ಅಡಿಕೆ ಎಲ್ಲ ಸಾಗುತ್ತಿದ್ದದ್ದು ಎತ್ತಿನ ಬೆನ್ನಿನ ಮೇಲೆ, ಇಬ್ಬದಿಗೂ ತೂಗುವ ಕಂಟಲೆಗಳಲ್ಲಿ. ಅಷ್ಟು ಭಾರ ಹೊತ್ತು ಘಟ್ಟ ಹತ್ತಿಳಿಯುವಾಗ ಹರಿಯದ ಬಟ್ಟೆ ಬೇಕು. 1791–92ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸನ ಸೈನ್ಯದ ಹೊಟ್ಟೆ ತುಂಬಿಸಿದ್ದು ಬಂಜಾರರ ಹೇರೆತ್ತುಗಳ ದವಸ. ಯುದ್ಧದ ಪಾಠ ಮಾಡುವಾಗ ನಾನು ತೋಪು, ಕುದುರೆ, ರಾಕೆಟ್ಟು ಎಂದೆಲ್ಲ ಹೇಳುತ್ತಿದ್ದೆ. ಆ ದವಸ ಯಾವುದರಲ್ಲಿ ತುಂಬಿತ್ತು ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ಕೇಳಿದ್ದರೆ ನನಗೆ ಉತ್ತರ ಗೊತ್ತಿರಲಿಲ್ಲ. ಗೋಣಿ ಎಂಬ ಆ ಮಾತೇ ಇಂಗ್ಲಿಷಿಗೆ ಹೋಗಿ ಗನ್ನಿಯಾಯಿತು.

ಗೋಣಿಗರ ಮಗ್ಗ ನಿಂತ ಕಥೆಗೆ ಮೂರು ದೂರದ ಊರುಗಳು ಬರುತ್ತವೆ. ಬ್ರಿಟನ್ನಿನ ಹಡಗುಗಳ ಹಗ್ಗಕ್ಕೆಲ್ಲ ರಷ್ಯಾದ ನಾರೇ ಆಧಾರ. ಅದು ಕೈಕೊಟ್ಟರೆ ಗತಿಯೇನು ಎಂದು ಕಂಪನಿಯವರು 18ನೇ ಶತಮಾನದ ಕೊನೆಯಿಂದಲೇ ನಮ್ಮ ಸೆಣಬನ್ನೂ ಜೂಟನ್ನೂ ಪರೀಕ್ಷಿಸುತ್ತಿದ್ದರು. ಕಲ್ಕತ್ತೆಯ ಸಸ್ಯೋದ್ಯಾನದ ರಾಕ್ಸ್‌ಬರ್ಗ್ ಮಾದರಿಗಳನ್ನು ಕಳಿಸಿದ. ಸ್ಕಾಟ್ಲೆಂಡಿನ ಡಂಡೀ ಎಂಬ ಊರಿನವರು ಜೂಟಿಗೆ ತಿಮಿಂಗಿಲದ ಎಣ್ಣೆ ಸವರಿ ಮೆತ್ತಗೆ ಮಾಡಿ ಯಂತ್ರದಲ್ಲಿ ನೂಲುವುದನ್ನು 1830ರ ದಶಕದಲ್ಲಿ ಕಲಿತರು. 1853ರಲ್ಲಿ ರಷ್ಯಾದೊಡನೆ ಕ್ರಿಮಿಯಾ ಯುದ್ಧ ಹತ್ತಿತು, ರಷ್ಯಾದ ನಾರು ನಿಂತಿತು. 1855ರಲ್ಲಿ ಎರಡು ಸಂಗತಿ ನಡೆದವು. ಲಂಡನ್ನಿನಲ್ಲಿ ಫೋರ್ಬ್ಸ್ ರಾಯ್ಲ್ ಭಾರತದ ನಾರುಗಿಡಗಳ ಬಗ್ಗೆ ದೊಡ್ಡ ಪುಸ್ತಕ ಹೊರತಂದ, ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಮೊದಲ ಜೂಟು ಗಿರಣಿ ಶುರುವಾಯಿತು. ಆಮೇಲೆ ಹೂಗ್ಲಿ ನದಿಯ ಎರಡೂ ದಡದಲ್ಲಿ ಗಿರಣಿಗಳ ಸಾಲು. ಒಂದು ಅಡಿಯಗಲದ ಕೈಮಗ್ಗ ಅದರೆದುರು ಎಲ್ಲಿ ನಿಲ್ಲಬೇಕು? ನಮ್ಮೂರ ಬಳಿ ಕತ್ತಾಳೆ ಬೇಲಿ ತಂದ ರೈಲೇ ಬಂಗಾಳದ ಚೀಲಕ್ಕೂ ದಾರಿ ಮಾಡಿಕೊಟ್ಟಿತು.

ಆ ಚೀಲದ ಬಗ್ಗೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಶಾಲೆಗೆ ಹೋದವಳು ನಾನು, ಗೋಣಿತಾಟಿನ ಮೇಲೆ ಕೂತು ಅ ಆ ಕಲಿತವಳು. ನನ್ನ ಬೇಸರ ಬೇರೆ. ಹೊಸ ಚೀಲ ಬಂದು ಹಳೆಯ ಗಿಡದ ಹೆಸರನ್ನೇ ತೊಟ್ಟುಕೊಂಡಿತು. ಗೋಣಿ ಎಂಬ ಪದವೂ ಸೆಣಬು ಎಂಬ ಪದವೂ ಎಲ್ಲಿಗೂ ಹೋಗದೆ ನಮ್ಮ ಬಾಯಲ್ಲೇ ಇದ್ದವು, ಆದ್ದರಿಂದ ಗಿಡ ಹೋದದ್ದೂ ಜನ ಹೋದದ್ದೂ ನಮಗೆ ಗೊತ್ತಾಗಲಿಲ್ಲ.

1947ರ ವಿಭಜನೆ ಜೂಟನ್ನೂ ಎರಡು ಮಾಡಿತು. ಗಿರಣಿಗಳು ಇತ್ತ, ಒಳ್ಳೆಯ ಜೂಟು ಬೆಳೆಯುವ ನೆಲದ ಬಹುಪಾಲು ಅತ್ತ ಪೂರ್ವ ಪಾಕಿಸ್ತಾನದಲ್ಲಿ. ನಾರಿಗಾಗಿ ತಡಕಾಡುವಾಗ ದೇಶಕ್ಕೆ ಒದಗಿದ ಗಿಡಗಳಲ್ಲಿ ಪುಂಡಿ ಒಂದು. ಈ ಗಿಡವನ್ನು ನಾನು ಕಂಡದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗುಲ್ಬರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಬಾಡಿಗೆಗಿದ್ದ ಮನೆಯ ಅಜ್ಜಿ ದಿನಬಿಟ್ಟು ದಿನ ಪುಂಡಿಪಲ್ಯ ಕೊಡುತ್ತಿದ್ದರು. ಆ ಹುಳಿ ನಾಲಗೆಗೆ ಹತ್ತಿಬಿಟ್ಟಿತು. ಒಂದು ದಿನ ಹಳ್ಳದ ನೀರಿನಲ್ಲಿ ಕಟ್ಟಿಗೆಯಂಥ ಕಂತೆಗಳು ಮುಳುಗಿದ್ದನ್ನು ನೋಡಿ ಇದೇನು ಎಂದೆ. "ದಿನಾ ಪಲ್ಯ ಉಣ್ತೀರಿ, ಅದರ ಹಗ್ಗ ನೋಡಿಲ್ಲೇನ್ರಿ ಅಕ್ಕೋರೆ?" ಎಂದು ಅಜ್ಜಿ ನಕ್ಕರು. ಎಳೆಯ ಎಲೆ ಬಾಯಿಗೆ, ಬಲಿತ ದಂಟಿನ ತೊಗಟೆ ದನದ ಕೊರಳಿಗೆ. ಜ್ಯೇಷ್ಠದ ಕಾರಹುಣ್ಣಿಮೆ ಹತ್ತಿರವಿತ್ತು. ಎತ್ತುಗಳ ಮೈತೊಳೆದು ಕೋಡಿಗೆ ಬಣ್ಣ ಬಳಿದು ಓಡಿಸುವ ಹಬ್ಬಕ್ಕೆ ಎತ್ತಿನ ಮೈಮೇಲೆ ಹಳೆಯ ಹಗ್ಗ ಇರಕೂಡದು. ಮಗಡ, ಮೂಗದಾಣ, ಹಣೆಗೆ ಗೊಂಡೆ ಎಲ್ಲ ಹೊಸದಾಗಬೇಕು. ವಾರದ ಸಂತೆಯಲ್ಲಿ ಒಂದು ಸಾಲು ಪೂರ್ತಿ ಹಗ್ಗದ್ದೇ, ಕೆಂಪು ಹಸಿರು ಬಣ್ಣ ಹಾಕಿದವು, ಹಾಕದವು. ಕೊಳ್ಳುವವರು ಹಗ್ಗವನ್ನು ಹಿಂದಕ್ಕೆ ತಿರುಚಿ ಒಳಗಿನ ಎಳೆ ನೋಡಿ, ಮೂಸಿ ನೋಡಿ ದರ ಮಾತಾಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅದೇ ಸಂತೆಗೆ ಹೋಗಿದ್ದೆ. ಬಣ್ಣಗಳು ಮೊದಲಿಗಿಂತ ಹೊಳೆಯುತ್ತಿದ್ದವು, ಅಷ್ಟೂ ನೈಲಾನು.

ನೈಲಾನಿನ ವಿಷಯದಲ್ಲಿ ಅವ್ವನ ಮಾತನ್ನು ಮರೆಮಾಚಿದರೆ ಅವಳಿಗೆ ಅನ್ಯಾಯವಾಗುತ್ತದೆ. ನಮ್ಮ ಬಾವಿಗೆ ಮೊದಲ ನೀಲಿ ಹಗ್ಗ ಬಂದ ದಿನ ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿ, "ಸದ್ಯ, ತೊಡೆ ಉಜ್ಜೋದು ತಪ್ತು" ಎಂದಿದ್ದಳು. ಹಗುರ, ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ. ನೆನೆದ ತೆಂಗಿನ ಹಗ್ಗದಲ್ಲಿ ದಿನಕ್ಕೆ ಮೂವತ್ತು ಕೊಡ ಸೇದಿದವಳಿಗೆ ಅದು ದೇವರು ಕೊಟ್ಟ ವರವೇ. ಹಗ್ಗ ಹೊಸೆಯುವುದು ಸಂಭ್ರಮ ಎಂದು ಬರೆಯಲು ನನಗೆ ಮನಸ್ಸು ಬಾರದು. ಅದು ದಣಿವಿನ ಮೇಲಿನ ದಣಿವು. ಆದರೆ ಅದೇ ನೀಲಿ ಹಗ್ಗದ ಕಣ್ಣಿ ನಮ್ಮ ಕರುವಿನ ಕೊರಳ ಕೂದಲು ತಿಂದು ಹುಣ್ಣು ಮಾಡಿದಾಗ ಅವ್ವನೇ ಅದನ್ನು ಬಿಚ್ಚಿ ಎಸೆದು, ಅಟ್ಟ ತಡಕಿ ಕತ್ತಾಳೆಯದನ್ನು ಹುಡುಕಿ ಕಟ್ಟಿದಳು. ತನಗೊಂದು ಹಗ್ಗ, ಕರುವಿಗೊಂದು ಹಗ್ಗ, ಅವಳ ತೀರ್ಮಾನ ಸರಿಯಾಗಿತ್ತು.

ತೆಂಗಿನ ನಾರು ಮಾತ್ರ ನಮ್ಮ ಸೀಮೆಯಲ್ಲಿ ಬೇರೆ ವೇಷದಲ್ಲಿ ಉಳಿಯಿತು. ಕೇರಳದವರು ಹಸಿ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಹೊಂಬಣ್ಣದ ನಾರು ತೆಗೆಯುತ್ತಾರೆ. ಆಲಪ್ಪುಳದಲ್ಲಿ 1859ರಲ್ಲೇ ಜೇಮ್ಸ್ ಡಾರಾ ಎಂಬಾತ ಅದರ ಚಾಪೆ ನೇಯುವ ಕಾರ್ಖಾನೆ ಹಾಕಿದ್ದ. ನಮ್ಮದು ಒಣಮಟ್ಟೆಯ ಕಂದು ನಾರು, ಒರಟು. 1953ರ ಕಾಯ್ದೆಯಿಂದ ನಾರಿಗೆ ಒಂದು ಮಂಡಳಿಯಾಯಿತು, ಆಮೇಲೆ ರಾಜ್ಯದಲ್ಲೂ ನಿಗಮ ಬಂತು, ಹಳ್ಳಿಗಳಲ್ಲಿ ಹೆಂಗಸರ ಸಹಕಾರ ಸಂಘಗಳಿಗೆ ರಾಟೆ ಬಂತು. ನಮ್ಮ ಅತ್ತಿಗೆ ಅಲ್ಲಿ ಕೆಲಸ ಮಾಡಿದವರು. ಈಗ ತಿಪಟೂರಿನ ಸುತ್ತ ಮಟ್ಟೆ ಸೀಳುವ ಯಂತ್ರಗಳ ಸದ್ದು. ನಾವು ಗುಡಿಸಿ ತಿಪ್ಪೆಗೆ ಎಸೆಯುತ್ತಿದ್ದ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಹಡಗಿಗೆ ಏರಿಸುತ್ತಾರೆ, ಪರದೇಶಗಳಲ್ಲಿ ಅದರಲ್ಲಿ ಗಿಡ ಬೆಳೆಸುತ್ತಾರೆ. ದೇಶದ ತೆಂಗಿನ ನಾರಿನ ರಫ್ತಿನಲ್ಲಿ ಈಗ ದೊಡ್ಡ ಪಾಲು ಆ ಪುಡಿಯದೇ.

ಸೆಣಬು ಸಿಕ್ಕಿದ್ದು ನಮ್ಮ ತೋಟದಲ್ಲೇ. ತಮ್ಮ ಪ್ರತಿ ಮುಂಗಾರಿಗೆ ತೆಂಗಿನ ಸಾಲುಗಳ ನಡುವೆ ಅಪ್‌ಸೆಣಬು ಚೆಲ್ಲುತ್ತಾನೆ. ಹೂ ಕಾಣುವ ಹೊತ್ತಿಗೆ, ಒಂದೂವರೆ ತಿಂಗಳಿಗೆ, ಟ್ರ್ಯಾಕ್ಟರಿನಿಂದ ಉತ್ತು ಮಣ್ಣಿಗೆ ಸೇರಿಸುತ್ತಾನೆ. ಒಳ್ಳೆಯ ಹಸಿರುಗೊಬ್ಬರ. ಒಂದು ಕಾಲಕ್ಕೆ ಸೈನ್ಯದ ದವಸ ಹೊತ್ತ ಬಟ್ಟೆ ಇದರದ್ದೇ ಎಂದು ಹೇಳಿದಾಗ ಅವನು ಸುಮ್ಮನೆ ನನ್ನ ಮುಖ ನೋಡಿದ. ಹೋದ ವರ್ಷ, "ಬೇಲಿ ಪಕ್ಕದ ಒಂದು ಸಾಲು ಬಿಟ್ಟುಬಿಡೋ" ಎಂದೆ. ಬಿಟ್ಟ. ಮೂರು ತಿಂಗಳಿಗೆ ನನ್ನ ತಲೆಗಿಂತ ಎತ್ತರ ಬೆಳೆಯಿತು, ಹೂ ಉದುರಿ ಕಾಯಿ ಬಲಿತು ಗಾಳಿಗೆ ಗಿಲಗಿಲ ಎನ್ನತೊಡಗಿತು. ಅದರ ಲ್ಯಾಟಿನ್ ಹೆಸರಿನಲ್ಲೇ ಗಿಲಕಿಯ ಅರ್ಥವಿದೆ.

ಬುಡಕ್ಕೆ ಕೊಯ್ದು ಎಲೆ ಉದುರಿಸಿದೆವು. ಕುಂಟೆ ಈಗ ಇಲ್ಲ, ಕೊಟ್ಟಿಗೆಯ ನೀರಿನ ತೊಟ್ಟಿಯಲ್ಲಿ ಕಲ್ಲು ಹೇರಿ ಮುಳುಗಿಸಿದೆ. ನಾಲ್ಕನೇ ದಿನ ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಇನ್ನೂ ಹಿಡಿದಿತ್ತು. ಆರನೇ ದಿನ ಬುಡದಿಂದ ತೊಗಟೆ ಕಿತ್ತರೆ ತುದಿಯವರೆಗೆ ಒಂದೇ ಪಟ್ಟಿಯಾಗಿ ಸರ್ರನೆ ಬಂತು. ಒಗೆಯುವ ಕಲ್ಲಿನ ಮೇಲೆ ಬಡಿದು ಜಾಲಾಡಿ ತಂತಿಗೆ ಹಾಕಿದೆ. ಸಂಜೆಗೆ ಒಣಗಿತು. ಕತ್ತಾಳೆಯಷ್ಟು ಬಿಳಿಯಲ್ಲ, ಒಣಹುಲ್ಲಿನ ಬಣ್ಣ, ಕೈಗೆ ಹತ್ತಿಗೂ ಕತ್ತಾಳೆಗೂ ನಡುವಿನ ಮೆದು. ಎಳೆಗಳು ನನ್ನ ತೋಳಿಗಿಂತ ಉದ್ದ. ಗೋಣಿಗರು ಇದನ್ನೇ ಏಕೆ ನೇಯುತ್ತಿದ್ದರು ಎಂಬುದನ್ನು ಪುಸ್ತಕ ಹೇಳಿರಲಿಲ್ಲ, ಬೆರಳು ಹೇಳಿತು.

ಅಂದು ರಾತ್ರಿ ಜಗುಲಿಯಲ್ಲಿ ಗೋಡೆಗೊರಗಿ ಕೂತೆ. ಮೊದಮೊದಲು ಹುರಿ ಏರಲಿಲ್ಲ, ಎರಡು ಎಳೆಯೂ ಒಂದೇ ಕಡೆ ಮುಗಿದು ಹಗ್ಗ ಸೊರಗಿತು, ಬಿಚ್ಚಿ ಮತ್ತೆ ಹಿಡಿದೆ. ಮುಂದಕ್ಕೆ ಉಜ್ಜುವುದು, ಹಿಂದಕ್ಕೆ ಎಳೆಯುವುದು. ಎಷ್ಟೋ ಹೊತ್ತಿನ ಮೇಲೆ ಆ ಸರಸರ ಸದ್ದು ಬಂತು. ತಮ್ಮನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಏನೂ ಮಾತಾಡದೆ ಪಕ್ಕದಲ್ಲಿ ಕೂತು ನಾರು ಬಿಡಿಸಿ ಬಿಡಿಸಿ ಕೊಟ್ಟಳು. ಮಲಗುವ ಹೊತ್ತಿಗೆ ಎರಡು ಮಾರು ಆಗಿತ್ತು. ತೊಡೆ ಕೆಂಪಾಗಿ ಉರಿಯುತ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ.

ಅದನ್ನು ಮನೆಯ ಹೆಂಗರುವಿಗೆ ಕಣ್ಣಿ ಮಾಡಿ ಕಟ್ಟಿದ್ದಾರೆ. ಐದು ತಿಂಗಳಾಯಿತು, ಕೊರಳ ಕೂದಲು ಹಾಗೇ ಇದೆ. ತುದಿಯನ್ನು ಮಾತ್ರ ಕರು ಅಗಿದು ನಾರು ನಾರು ಮಾಡಿದೆಯಂತೆ, ಅಲ್ಲೊಂದು ಗಂಟು ಹಾಕಬೇಕಿತ್ತು, ನಾನು ಹಾಕಿರಲಿಲ್ಲ. ಬರುವ ಭಾನುವಾರ ಹೋಗಿ ಹಾಕಿ ಬರುತ್ತೇನೆ.